ಕಂಬಳಿ ಉಳಿಸುವುದೆಂದರೆ ಏನನ್ನು ಉಳಿಸುವುದು?

2019ರ ಜಾನುವಾರು ಗಣತಿಯಲ್ಲಿ ಕುರಿಗಳ ಲೆಕ್ಕಕ್ಕೆ ದೇಶದಲ್ಲೇ ಮೊದಲ ಸ್ಥಾನ ತೆಲಂಗಾಣಕ್ಕೆ ಸಿಕ್ಕಿತು. ಅಲ್ಲಿ ಆಗ 1.9 ಕೋಟಿ ಕುರಿಗಳಿದ್ದವು, ಕರ್ನಾಟಕದಲ್ಲಿ 1.1 ಕೋಟಿ. ಇಷ್ಟು ಕುರಿಗಳಿರುವ ನಾಡಿನ ರಾಜಧಾನಿ ಹೈದರಾಬಾದಿನಲ್ಲಿ ಕೈಯಿಂದ ನೂತು ಕೈಮಗ್ಗದಲ್ಲಿ ನೇಯ್ದ ಒಂದು ಅಪ್ಪಟ ಕರಿ ಕಂಬಳಿ ಬೇಕೆಂದರೆ ಸುಲಭಕ್ಕೆ ಸಿಗುವುದಿಲ್ಲ. ಪೇಟೆಯಲ್ಲಿ ರಾಶಿ ಬಿದ್ದಿರುವುದು ಪಾಣಿಪತ್ತಿನ ಯಂತ್ರಗಳಲ್ಲಿ ತಯಾರಾದ ಹೊದಿಕೆಗಳು. ಚಳಿಗಾಲ ಬಂತೆಂದರೆ ಟಿಬೆಟಿಯನ್ ವ್ಯಾಪಾರಿಗಳ ಅಂಗಡಿಗಳಲ್ಲಿ ಲುಧಿಯಾನದ ಸ್ವೆಟರುಗಳು ಬಂದಿಳಿಯುತ್ತವೆ. ದಖನ್ನಿನ ಸ್ವಂತ ಉಣ್ಣೆಬಟ್ಟೆಗೆ ಮಾತ್ರ ಅದರದೇ ಊರಿನಲ್ಲಿ ಅಂಗಡಿ ಇಲ್ಲ.

ಆದರೆ ಅದರ ಮೇಲಿನ ಅಭಿಮಾನ ಕಡಿಮೆಯಾಗಿಲ್ಲ. ತೆಲುಗರ ಗೊಂಗಡಿ, ನಮ್ಮ ಕಂಬಳಿ, ಎರಡೂ ಒಂದೇ ಕುರಿಯವು, ಒಂದೇ ಕಸುಬಿನವರವು. ವೇದಿಕೆ ಮೇಲೆ ಗಣ್ಯರಿಗೆ ಹೊದಿಸುತ್ತಾರೆ, ಜಾತ್ರೆಯಲ್ಲಿ ದೇವರಿಗೆ ಹಾಸುತ್ತಾರೆ, ವಿನ್ಯಾಸಕಾರರು ಅದರಿಂದ ಚೀಲ, ಚಪ್ಪಲಿ ಹೊಲಿಯುತ್ತಾರೆ. ಇದರ ಸೆಳೆತ ಎಲ್ಲಿಂದ ಬಂತು, ಇದು ಯಾಕೆ ಕೈಬಿಟ್ಟು ಹೋಗುತ್ತಿದೆ, ಉಳಿಸುತ್ತೇವೆ ಎನ್ನುವವರು ಉಳಿಸಲು ಹೊರಟಿರುವುದು ಏನನ್ನು ಎಂಬ ಬಗ್ಗೆ ಬಲ್ಲವರಲ್ಲಿ ಒಮ್ಮತವಿಲ್ಲ.

ಹಳೆಯ ಜಾಡು

ರಾಯಚೂರು, ಬಳ್ಳಾರಿ, ಮಹಬೂಬ್‌ನಗರ ಸೀಮೆಯ ಬೂದಿದಿಬ್ಬಗಳು ದಖನ್ನಿನ ಪಶುಪಾಲಕರ ಅತಿ ಹಳೆಯ ಗುರುತು. ಮಹಬೂಬ್‌ನಗರ ಸೀಮೆಯ ಉಟ್ನೂರಿನಲ್ಲಿ ಎಫ್. ಆರ್. ಆಲ್ಚಿನ್ 1957ರಲ್ಲಿ ಅಗೆದು, ಅವು ನವಶಿಲಾಯುಗದ ದನದ ದೊಡ್ಡಿಗಳ ಬೂದಿ ಎಂದು ತೋರಿಸಿದರು. ಇಂಥ ನೆಲೆಗಳಲ್ಲಿ ದನದ ಮೂಳೆಗಳೇ ಹೆಚ್ಚು, ಕುರಿ-ಮೇಕೆಯವೂ ಇವೆ. ಆದರೆ ಮೂಳೆ ನೋಡಿ ಆ ಕುರಿಯ ಮೈಮೇಲೆ ತುಪ್ಪಟವಿತ್ತೋ ಬರಿ ಕೂದಲಿತ್ತೋ ಹೇಳಲಾಗದು. ಹಾಗಾಗಿ ದಖನ್ನಿನ ಕಂಬಳಿಗೆ ನಾಲ್ಕು ಸಾವಿರ ವರ್ಷದ ಇತಿಹಾಸವಿದೆ ಎನ್ನುವವರ ಮಾತಿಗೆ ನಾನು ಅರ್ಧ ಮಾತ್ರ ತಲೆಯಾಡಿಸುತ್ತೇನೆ. ಕುರಿಗೆ ಆ ಇತಿಹಾಸವಿದೆ, ಕಂಬಳಿಗೆ ಇದೆಯೆನ್ನಲು ಸಾಕ್ಷಿ ಬೇಕು.

ಬರಹದ ಸಾಕ್ಷಿ ಬಂದದ್ದು ಉತ್ತರದಿಂದ. ಬುದ್ಧನ ಕಾಲದ ಚಿಂತಕ ಅಜಿತನಿಗೆ ಕೇಶಕಂಬಲಿ ಎಂಬ ಹೆಸರು ಬಂದದ್ದು ಅವನು ಹೊದೆಯುತ್ತಿದ್ದ ಕೂದಲಿನ ಕಂಬಳಿಯಿಂದ. ಕೌಟಿಲ್ಯನ ಅರ್ಥಶಾಸ್ತ್ರ ಉಣ್ಣೆಬಟ್ಟೆಗಳ ಪಟ್ಟಿ ಕೊಡುವಾಗ ನೇಪಾಳದ ಒಂದು ಕಪ್ಪು ಬಟ್ಟೆಯನ್ನು ಹೆಸರಿಸುತ್ತದೆ: ಎಂಟು ತುಂಡು ಕೂಡಿಸಿ ಮಾಡಿದ್ದು, ಮಳೆ ತಡೆಯುವಂಥದ್ದು. ಮಳೆಗೆ ಉಣ್ಣೆ ಹೊದೆಯುವುದು ಅಷ್ಟು ಹಳೆಯ ಬುದ್ಧಿ.

ದಖನ್ನಿನ ಕಸುಬಿನ ಸ್ಪಷ್ಟ ಚಿತ್ರ ಸಿಗುವುದು ವಸಾಹತು ಕಾಲದ ಜಾತಿ ಸಮೀಕ್ಷೆಗಳಲ್ಲಿ. 1909ರಲ್ಲಿ ಎಡ್ಗರ್ ಥರ್ಸ್ಟನ್, 1920ರಲ್ಲಿ ನಿಜಾಮ ಸಂಸ್ಥಾನದ ಸೈಯದ್ ಸಿರಾಜ್-ಉಲ್-ಹಸನ್, ಇಬ್ಬರೂ ಕುರುಬ ಅಥವಾ ಕುರುಮರನ್ನು ಕುರಿ ಸಾಕುವವರು, ಕಂಬಳಿ ನೇಯುವವರು ಎಂದು ದಾಖಲಿಸಿದರು. ಆಗ ಬೀದರ, ಕಲಬುರಗಿ, ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. 1956ರಲ್ಲಿ ರಾಜ್ಯಗಳ ಗಡಿ ಬಿತ್ತು, ಕಂಬಳಿಯವರ ಬಳಗ ಮಾತ್ರ ಎರಡೂ ಕಡೆ ಉಳಿಯಿತು. ಜಹೀರಾಬಾದ್, ನಾರಾಯಣಖೇಡ ಕಡೆಯ ಕುರುಮರ ಮನೆಗಳಲ್ಲಿ ಕನ್ನಡ ಇಂದಿಗೂ ಕೇಳುತ್ತದೆ. ಕಂಬಳಿಯನ್ನು ಕರ್ನಾಟಕದ್ದು, ತೆಲಂಗಾಣದ್ದು ಎಂದು ಹಂಚಲು ಹೋಗುವವರು ಇದನ್ನು ನೆನಪಿಟ್ಟರೆ ಒಳ್ಳೆಯದು.

ಮಳೆಗೂ ಅದೇ, ಚಳಿಗೂ ಅದೇ

ಮೊದಲ ವಾದ ಉಪಯೋಗದ್ದು. ಕಂಬಳಿ ಇಷ್ಟು ಕಾಲ ಬಾಳಿದ್ದು ಅದು ಕೆಲಸಕ್ಕೆ ಬಂದದ್ದರಿಂದ, ಬೇರೆ ಕಾರಣ ಹುಡುಕಬೇಕಿಲ್ಲ ಎನ್ನುವವರ ವಾದ. ಇದಕ್ಕೆ ಬೆಂಬಲವಾಗಿ ನೂಲಿನ ಗುಣವೇ ನಿಂತಿದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮೈಗೆ ಹಸಿ ಅನ್ನಿಸುವುದಿಲ್ಲ. ಹೀರುವಾಗ ಸ್ವಲ್ಪ ಬಿಸಿಯನ್ನೂ ಬಿಡುತ್ತದೆ. ಮೆರಿನೊ ಉಣ್ಣೆಯ ಎಳೆ ಸುಮಾರು 20 ಮೈಕ್ರಾನ್ ದಪ್ಪ. ದಖನಿ ಕುರಿಯದು ಅದರ ಎರಡು ಪಟ್ಟಿಗೂ ಹೆಚ್ಚು. ಮೈಗೆ ಚುಚ್ಚುವುದು ಅದಕ್ಕೇ, ಮುಳ್ಳುಕಂಟಿಗೆ ಸಿಕ್ಕಿಯೂ ಹರಿಯದೆ ವರ್ಷಗಟ್ಟಲೆ ಬಾಳುವುದೂ ಅದಕ್ಕೇ.

ತಯಾರಿಯ ಕ್ರಮ ನೋಡಿದರೆ ಈ ವಾದದ ಬಲ ಇನ್ನೂ ತಿಳಿಯುತ್ತದೆ. ವರ್ಷಕ್ಕೆ ಎರಡು ಸಲ ಕುರಿಯನ್ನು ತೊಳೆದು, ಕಾಲು ಕಟ್ಟಿ ಮಲಗಿಸಿ, ಕತ್ತರಿಯಲ್ಲಿ ತುಪ್ಪಟ ಕತ್ತರಿಸುತ್ತಾರೆ. ಒಂದು ಸಲಕ್ಕೆ ಒಂದು ಕುರಿಯಿಂದ ಅರ್ಧ ಕಿಲೋ ಸಿಕ್ಕರೆ ಹೆಚ್ಚು. ಕರಿಯದು, ಕಂದಿದ್ದು, ಬೂದು ಬಣ್ಣದ್ದು ಎಂದು ಬೇರೆ ಮಾಡಿ, ಹಿಂಜಿ, ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ಹಾಸಿನ ನೂಲನ್ನು ಬಯಲಲ್ಲಿ ಉದ್ದಕ್ಕೆ ಬಿಗಿದು, ಹುಣಸೆ ಬೀಜ ಅರೆದು ಕಾಯಿಸಿದ ಗಂಜಿಯನ್ನು ಕುಂಚದಲ್ಲಿ ಎಳೆಎಳೆಗೂ ತೀಡುತ್ತಾರೆ. ಮಗ್ಗದ ಹೊಡೆತಕ್ಕೆ ಹಾಸು ಹರಿಯದಿರಲು ಈ ಗಂಜಿ ಬೇಕು. ಹೊಸ ಕಂಬಳಿ ಸೆಟೆದು ನಿಲ್ಲುವುದು, ಮಳೆಹನಿ ಅದರ ಮೇಲೆ ಒಡನೆ ಇಂಗದೆ ಉರುಳಿ ಹೋಗುವುದು ಗಂಜಿಯಿಂದಲೂ ಹೌದು, ಉಣ್ಣೆಯಲ್ಲಿ ಉಳಿದ ಜಿಡ್ಡಿನಿಂದಲೂ ಹೌದು. ಮಗ್ಗದ ಅಗಲ ಕಡಿಮೆಯಿದ್ದರೆ ಎರಡು ಪಟ್ಟಿ ನೇಯ್ದು ನಡುವೆ ಹೊಲಿಯುತ್ತಾರೆ. ಬಣ್ಣ ಹಾಕುವ ಮಾತಿಲ್ಲ. ಕುರಿಯ ಬಣ್ಣವೇ ಕಂಬಳಿಯ ಬಣ್ಣ.

ಹೀಗೆ ತಯಾರಾದ ಒಂದು ಬಟ್ಟೆ ಎಷ್ಟು ಕೆಲಸ ಮಾಡುತ್ತಿತ್ತು! ಉದ್ದಕ್ಕೆ ಮಡಚಿ ಒಂದು ತುದಿಯನ್ನು ತಲೆಗೆ ಸಿಕ್ಕಿಸಿಕೊಂಡರೆ ಕಂಬಳಿಕೊಪ್ಪೆ. ಬೆನ್ನು, ತೊಡೆ ಮುಚ್ಚಿ ಎರಡು ಕೈ ಕೆಲಸಕ್ಕೆ ಬಿಡುವು. ನಡೆಯಲಾರದ ಎಳೆಮರಿಗೆ ಅದೇ ಜೋಳಿಗೆ. ಕಣದಲ್ಲಿ ಕಾಳು ಹರವಲು ಅದೇ ಹಾಸು. ರಾತ್ರಿ ಹೊಲದಲ್ಲಿ ಮಲಗುವವನಿಗೆ ಹಾಸಿಗೆಯೂ ಅದೇ, ಹೊದಿಕೆಯೂ ಅದೇ. ಕಂಬಳಿಯ ಮೇಲೆ ಹಾವು, ಚೇಳು ಹರಿಯುವುದಿಲ್ಲವೆಂಬ ನಂಬಿಕೆಯೂ ಕುರಿಗಾರರಲ್ಲಿದೆ.

ಈ ವಾದ ವಿವರಿಸಲಾರದ ಒಂದು ಸಂಗತಿ ಇದೆ. ಪ್ಲಾಸ್ಟಿಕ್ ಹಾಳೆ, ರೇನ್‌ಕೋಟು, ಅಗ್ಗದ ರಗ್ಗು ಬಂದ ಮೇಲೆ ಈ ಕೆಲಸಗಳೆಲ್ಲ ಕಂಬಳಿಯ ಕೈತಪ್ಪಿದವು. ಉಪಯೋಗವೊಂದೇ ಕಾರಣವಾಗಿದ್ದರೆ ಕಂಬಳಿ ಅಂದೇ ಮರೆಯಾಗಬೇಕಿತ್ತು. ಮಳೆಗೆ ರೇನ್‌ಕೋಟು ತೊಟ್ಟವನೇ ಮದುವೆಗೆ, ಜಾತ್ರೆಗೆ ಕಂಬಳಿ ತೆಗೆಯುತ್ತಾನೆ.

ದೇವರ ಗದ್ದುಗೆ

ಎರಡನೆಯ ವಾದದವರು ಹಿಡಿಯುವುದು ಈ ಎಳೆಯನ್ನೇ. ಅವರ ಪ್ರಕಾರ ಕಂಬಳಿ ಕುರುಬರ ಹಾಲುಮತದ ಪವಿತ್ರ ವಸ್ತು, ಉಪಯೋಗ ಆಮೇಲಿನದು. ಕುರುಬರಲ್ಲಿ ಹತ್ತಿ ಕಂಕಣ, ಉಣ್ಣಿ ಕಂಕಣ ಎಂಬ ಎರಡು ಬಳಿಗಳಿವೆ. ಮದುವೆಯಲ್ಲಿ ಕಟ್ಟುವ ಕಂಕಣ ಹತ್ತಿಯದೋ ಉಣ್ಣೆಯದೋ ಎಂಬುದರ ಮೇಲೆ ಕುಲವೇ ಬೇರೆಯಾಗುವಷ್ಟು ಈ ನೂಲಿಗೆ ಮಹತ್ವವಿದೆ. ಬೀರಪ್ಪನ ಪೂಜೆಗೆ, ಪಂಚರು ಕೂರುವ ಕಟ್ಟೆಗೆ ಕಂಬಳಿ ಹಾಸುವುದು ಮರ್ಯಾದೆಯ ರೀತಿ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಮೈಲಾರ ದೇವರ ಗೊರವರು ತೊಡುವುದು ಕರಿ ಕಂಬಳಿಯ ನಿಲುವಂಗಿಯನ್ನೇ.

ತೆಲಂಗಾಣದಲ್ಲಿ ಮೈಲಾರನ ಜಾಗದಲ್ಲಿ ಮಲ್ಲನ್ನ ಇದ್ದಾನೆ. ಸಿದ್ದಿಪೇಟೆ ಜಿಲ್ಲೆಯ ಕೊಮುರವೆಲ್ಲಿಯಲ್ಲಿ ಸಂಕ್ರಾಂತಿಯ ಮರುವಾರ ಆರಂಭವಾಗುವ ಜಾತ್ರೆ ಯುಗಾದಿಯವರೆಗೂ ಭಾನುವಾರಗಳಂದು ನಡೆಯುತ್ತದೆ. ಮೊದಲ ವಾರಕ್ಕೆ ಪಟ್ನಂ ವಾರಂ ಎಂದು ಹೆಸರು. ಅದು ಹೈದರಾಬಾದಿನ ಭಕ್ತರ ವಾರ. ಮಲ್ಲನ್ನನ ಕತೆಯನ್ನು, ಬೀರಪ್ಪನ ಕತೆಯನ್ನು ರಾತ್ರಿಯಿಡೀ ಹಾಡುವ ಒಗ್ಗು ಕಥೆಯ ಕಲಾವಿದರೂ ಬಹುಪಾಲು ಕುರುಮರೇ.

ಈ ವಾದಕ್ಕೆ ಗಟ್ಟಿ ಬುನಾದಿ ಹಾಕಿದವರು ಜರ್ಮನಿಯ ವಿದ್ವಾಂಸ ಗುಂಥರ್ ಸೊಂಥೈಮರ್. ಮಹಾರಾಷ್ಟ್ರದ ಕುರಿಗಾರರ ದೇವರುಗಳಾದ ಬಿರೋಬಾ, ಖಂಡೋಬರ ಬಗ್ಗೆ 1976ರಲ್ಲಿ ಜರ್ಮನ್ ಭಾಷೆಯಲ್ಲೂ 1989ರಲ್ಲಿ ಇಂಗ್ಲಿಷಿನಲ್ಲೂ ಬಂದ ಅವರ ಗ್ರಂಥ ಅಲೆಮಾರಿ ಕುರಿಗಾರರಿಗೂ ನೆಲೆ ನಿಂತ ಒಕ್ಕಲಿಗ, ವರ್ತಕರಿಗೂ ನಡುವಿನ ಸಂಬಂಧವನ್ನು ಈ ದೇವರುಗಳಲ್ಲಿ ಓದುತ್ತದೆ. ಖಂಡೋಬನಿಗೆ ಒಬ್ಬ ಹೆಂಡತಿ ವರ್ತಕರ ಮನೆಯವಳು, ಇನ್ನೊಬ್ಬಳು ಕುರಿಗಾರ ಧನಗರರ ಹೆಣ್ಣು. ಮಲ್ಲನ್ನನಿಗೆ ಮೇಡಲಮ್ಮನ ಜೊತೆ ಗೊಲ್ಲರ ಕೇತಮ್ಮ. ಬೆಳೆ ಕೊಯ್ದ ಹೊಲದಲ್ಲಿ ಕುರಿ ತರುಬಿಸಿ ಗೊಬ್ಬರ ಪಡೆದು ಪ್ರತಿಯಾಗಿ ಕಾಳು ಕೊಡುತ್ತಿದ್ದ ಊರು ಮತ್ತು ಕಾಡಿನ ನಂಟೇ ದೇವರ ಸಂಸಾರವಾಗಿದೆ ಎಂದು ನನಗೆ ಈ ಓದಿನಿಂದ ಮನದಟ್ಟಾಯಿತು.

ಆದರೆ ಇಲ್ಲೊಂದು ತೊಡಕು. ಪೂಜೆಗೆ ವರ್ಷಕ್ಕೊಂದು ಕಂಬಳಿ ಸಾಕು. ಅದು ಹಳೆಯದಾದರೂ ನಡೆಯುತ್ತದೆ, ಗಿರಣಿಯ ನೂಲಿನದಾದರೂ ನಡೆದುಹೋಗುತ್ತಿದೆ. ಭಕ್ತಿ ಕಂಬಳಿಯ ಗೌರವವನ್ನು ಕಾಯ್ದಿದೆ. ಮಗ್ಗವನ್ನು ಕಾಯುವಷ್ಟು ಬೇಡಿಕೆ ಅದರಿಂದ ಹುಟ್ಟಲಿಲ್ಲ.

ಹೆಗಲ ಮೇಲಿನ ಮಾನ

ಮೂರನೆಯ ವಾದ ಮಾನದ್ದು, ಅದು ಹೈದರಾಬಾದಿನ ಕೊಡುಗೆ. 1946ರ ಜುಲೈ 4ರಂದು ಕಡವೆಂಡಿಯಲ್ಲಿ ದೇಶಮುಖರ ಕಡೆಯವರ ಗುಂಡಿಗೆ ಬಲಿಯಾದ ದೊಡ್ಡಿ ಕೊಮುರಯ್ಯ ತೆಲಂಗಾಣ ರೈತ ಹೋರಾಟದ ಮೊದಲ ಹುತಾತ್ಮ, ಆತ ಕುರುಮ. ಆ ನೆನಪಿನ ನಾಡಿನಲ್ಲಿ ಗೊಂಗಡಿಗೆ ದುಡಿಯುವವನ ಮೈಬಟ್ಟೆ ಎಂಬ ರಾಜಕೀಯ ಅರ್ಥ ಬಂತು. ಪಂಚೆ ಉಟ್ಟು, ಬರಿಮೈ ಮೇಲೆ ಗೊಂಗಡಿ ಹಾಕಿ, ಕೈಯಲ್ಲಿ ಕೋಲು ಹಿಡಿದು ದಶಕಗಳ ಕಾಲ ಹಾಡಿದ ಗದ್ದರ್ 2023ರ ಆಗಸ್ಟ್ 6ರಂದು ತೀರಿಕೊಳ್ಳುವ ಹೊತ್ತಿಗೆ, ಆ ಬಟ್ಟೆಯನ್ನು ಅವರಿಂದ ಬೇರೆ ಮಾಡಿ ನೋಡುವುದೇ ಕಷ್ಟವಾಗಿತ್ತು.

ಇದಕ್ಕೆ ಸಿದ್ಧಾಂತದ ರೂಪ ಕೊಟ್ಟವರು ಕಂಚ ಐಲಯ್ಯ. ಕುರಿಗಾರ ಕುರುಮ ಮನೆತನದಲ್ಲಿ ಹುಟ್ಟಿ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು; 1996ರ ತಮ್ಮ ಪುಸ್ತಕದಿಂದ ದೇಶದಾದ್ಯಂತ ಚರ್ಚೆ ಎಬ್ಬಿಸಿದವರು; ಆಮೇಲೆ ತಮ್ಮ ಹೆಸರಿಗೆ ಶೆಫರ್ಡ್ ಎಂದು ಸೇರಿಸಿಕೊಂಡವರು. ಕುರಿ ಕಾಯುವುದು, ಉಣ್ಣೆ ಕತ್ತರಿಸುವುದು, ನೇಯುವುದು ಇವೆಲ್ಲ ವಿದ್ಯೆಗಳು. ಪುಸ್ತಕದ ವಿದ್ಯೆಯ ಮುಂದೆ ಇವನ್ನು ಕೀಳುಮಾಡಿದ್ದರಿಂದಲೇ ಈ ನಾಡಿನ ತಂತ್ರಜ್ಞಾನ ಬೆಳೆಯಲಿಲ್ಲ ಎಂಬುದು ಅವರ ನಿಲುವು. ನೂಲುವ ಹೆಂಗಸಿನ ಬೆರಳಿಗೆ ಯಾವ ಉಣ್ಣೆ ಹಾಸಿಗೆ, ಯಾವುದು ಹೊಕ್ಕಿಗೆ ಎಂಬುದು ತಿಳಿದಿರುತ್ತದೆ. ಆ ತಿಳಿವನ್ನು ವಿದ್ಯೆ ಎಂದು ಕರೆಯಲು ನಾವು ಯಾಕೆ ಹಿಂಜರಿಯುತ್ತೇವೆ ಎಂಬ ಅವರ ಪ್ರಶ್ನೆಗೆ ನಾನು ಇನ್ನೂ ತೃಪ್ತಿಕರ ಉತ್ತರ ಕಂಡಿಲ್ಲ.

ಕರ್ನಾಟಕದಲ್ಲಿ ಇದೇ ಮಾನದ ಮಾತು ಚುನಾವಣೆಯ ಮಾತಾಯಿತು. 2021ರ ಉಪಚುನಾವಣೆಯ ಪ್ರಚಾರದಲ್ಲಿ ಕಂಬಳಿ ಹಾಕಿಕೊಳ್ಳುವ ಯೋಗ್ಯತೆ ಯಾರಿಗಿದೆ ಎಂದು ರಾಜ್ಯದ ದೊಡ್ಡ ನಾಯಕರೇ ವಾದಕ್ಕಿಳಿದರು. ಕನಕದಾಸರ ಹೆಗಲ ಕಂಬಳಿ ಒಂದು ಸಮುದಾಯದ ಗುರುತಿನ ಬಟ್ಟೆಯಾಗಿರುವುದು ಸಹಜ, ನ್ಯಾಯವೂ ಹೌದು. ಆದರೆ ವೇದಿಕೆಯ ಮೇಲೆ ಹೊದಿಸುವ ಕಂಬಳಿಯನ್ನು ಯಾರು ನೇಯ್ದರು, ಅವರಿಗೆ ಎಷ್ಟು ಸಿಕ್ಕಿತು ಎಂದು ಯಾವ ಪಕ್ಷವೂ ಕೇಳಿದ್ದನ್ನು ನಾನು ಕಂಡಿಲ್ಲ.

ಕಡಲಿನವರ ಉಣ್ಣೆ

ಹೊರಗಿನ ಒಂದು ಹೋಲಿಕೆ ಇಲ್ಲಿ ನೆರವಿಗೆ ಬರುತ್ತದೆ. ದುಡಿಯುವವರ ಉಣ್ಣೆಬಟ್ಟೆ ಎಂದಾಗ ಜಗತ್ತು ಮೊದಲು ನೆನೆಯುವುದು ಬ್ರಿಟನ್, ಐರ್ಲೆಂಡಿನ ಮೀನುಗಾರರ ಹೆಣೆದ ಸ್ವೆಟರುಗಳನ್ನು. ಚಾನೆಲ್ ದ್ವೀಪಗಳ ಹೆಸರಿನ ಗರ್ನ್‌ಸಿ ಸ್ವೆಟರನ್ನು ಗಾಳಿ ನುಗ್ಗದಷ್ಟು ಬಿಗಿಯಾಗಿ ಹೆಣೆಯುತ್ತಾರೆ. ಮುಂದು ಹಿಂದು ಒಂದೇ ರೀತಿ ಇರುವುದರಿಂದ ಸವೆದ ಕಡೆಯನ್ನು ತಿರುಗಿಸಿ ತೊಡಬಹುದು. ಹೆರ್ರಿಂಗ್ ಮೀನಿನ ಹಿಂದೆ ಬಂದರಿನಿಂದ ಬಂದರಿಗೆ ಹೋಗುತ್ತಿದ್ದ ಸ್ಕಾಟ್ಲೆಂಡಿನ ಹೆಂಗಸರು ಮೀನು ಹಸನು ಮಾಡುವ ಕೆಲಸದ ಬಿಡುವಿನಲ್ಲಿ ಇವನ್ನು ಹೆಣೆಯುತ್ತ ಹೆಣಿಗೆಯ ಮಾದರಿಗಳನ್ನೂ ಊರೂರಿಗೆ ಒಯ್ದರು.

ಐರ್ಲೆಂಡಿನ ಅರಾನ್ ದ್ವೀಪದ ಸ್ವೆಟರಿನ ಸುತ್ತ ಬೆಳೆದ ಕತೆ ಇನ್ನೂ ಹೆಸರುವಾಸಿ. ಪ್ರತಿ ಮನೆತನಕ್ಕೂ ಒಂದೊಂದು ಹೆಣಿಗೆ, ಕಡಲಲ್ಲಿ ಮುಳುಗಿ ಸತ್ತವನನ್ನು ಅದರಿಂದಲೇ ಗುರುತಿಸುತ್ತಿದ್ದರು ಎಂಬ ಕತೆ. ಇದಕ್ಕೆ ಬೀಜ ಹಾಕಿದ್ದು ಜೆ. ಎಂ. ಸಿಂಜ್‌ನ 1904ರ ನಾಟಕ. ಅದರಲ್ಲೂ ಗುರುತು ಸಿಗುವುದು ಕಾಲುಚೀಲದಿಂದ, ಸ್ವೆಟರಿನಿಂದಲ್ಲ. 1936ರಲ್ಲಿ ಡಬ್ಲಿನ್‌ನಲ್ಲಿ ಒಂದು ಅರಾನ್ ಸ್ವೆಟರ್ ಕೊಂಡ ಹೈಂಜ್ ಕೀವ ಎಂಬ ನೂಲು ವ್ಯಾಪಾರಿ ಅದಕ್ಕೆ ಸಾವಿರ ವರ್ಷದ ಕ್ರೈಸ್ತ ಸಂಕೇತಗಳ ಇತಿಹಾಸ ಕಟ್ಟಿದ. 1960ರ ದಶಕದಲ್ಲಿ ಕ್ಲಾನ್ಸಿ ಸಹೋದರರು ಅದನ್ನು ತೊಟ್ಟು ಅಮೆರಿಕದ ವೇದಿಕೆಗಳಲ್ಲಿ ಹಾಡಿದರು. ರಿಚರ್ಡ್ ರಟ್ 1987ರ ತಮ್ಮ ಹೆಣಿಗೆಯ ಇತಿಹಾಸದಲ್ಲಿ ಈ ಪುರಾತನತೆಯನ್ನು ತಳ್ಳಿಹಾಕಿದರು. ಇಂದು ನಾವು ಕಾಣುವ ಅರಾನ್ ಸ್ವೆಟರು ಇಪ್ಪತ್ತನೆಯ ಶತಮಾನದ ಕೂಸು.

ಕತೆ ಸುಳ್ಳಾದರೂ ಸ್ವೆಟರು ಬದುಕಿತು. ಆ ಹೆಣಿಗೆಯ ಸೊಬಗಿರುವುದು ಮಾದರಿಯಲ್ಲಿ. ನೂಲು ಯಾವ ಗಿರಣಿಯದಾದರೂ, ಕುರಿ ಯಾವ ದೇಶದ್ದಾದರೂ, ಹೆಣೆಯಲು ಬಲ್ಲ ಯಾರೇ ಆದರೂ ಕುಳಿತಲ್ಲಿ ಅದನ್ನು ಹೆಣೆಯಬಹುದು. ನಮ್ಮ ಕಂಬಳಿಗೆ ಆ ಅನುಕೂಲವಿಲ್ಲ. ಅಂಚಿನ ಗೆರೆ ಬಿಟ್ಟರೆ ಅದರಲ್ಲಿ ಬರೆದಿಡಬಹುದಾದ ಮಾದರಿಯೇ ಇಲ್ಲ. ಬಣ್ಣ, ಒರಟು, ಬಿಸುಪು, ಮಳೆ ತಡೆಯುವ ಗುಣ ಎಲ್ಲವೂ ಕುರಿಯ ಮೈಯಿಂದ ಬಂದವು. ಆ ಕುರಿ ಹೋದರೆ ಕಂಬಳಿಯನ್ನು ಮರಳಿ ನೇಯಲು ಯಾವ ಪುಸ್ತಕವೂ ನೆರವಾಗದು. ಕರಕುಶಲ ಪುನರುಜ್ಜೀವನದ ಚರ್ಚೆಗಳಲ್ಲಿ ಈ ವ್ಯತ್ಯಾಸವನ್ನು ಯಾರೂ ಸಾಕಷ್ಟು ಗಮನಿಸಿಲ್ಲ ಎಂಬುದು ನನ್ನ ಬಲವಾದ ಅನಿಸಿಕೆ.

ಕುರಿ ಬದಲಾದ ಕತೆ

ಆದ್ದರಿಂದ ನನಗೆ ನಾಲ್ಕನೆಯ ವಾದವೇ ಎಲ್ಲಕ್ಕಿಂತ ಮುಖ್ಯ. 1990ರ ದಶಕದ ಆರಂಭದಲ್ಲಿ ಪಶುವೈದ್ಯೆಯರಾದ ಸಾಗರಿ ರಾಮದಾಸ್, ನಿತ್ಯಾ ಘೋಟ್ಗೆ ಮತ್ತು ಜೊತೆಗಾರ್ತಿಯರು ಕಟ್ಟಿದ ಅಂತ್ರ ಸಂಸ್ಥೆ ಹೈದರಾಬಾದ್ ಮತ್ತು ಪುಣೆ ಕಡೆಯ ಕುರಿಗಾರರ ನಡುವೆ ಕೆಲಸ ಮಾಡುತ್ತ ಈ ವಾದವನ್ನು ಮುಂದಿಟ್ಟಿತು. ನೇಕಾರ ಸೋತದ್ದು ಆಮೇಲೆ, ಮೊದಲು ಸೋತದ್ದು ಕುರಿ.

ಸರ್ಕಾರಿ ತಳಿ ಸುಧಾರಣೆ ಮೊದಲು ನೋಡಿದ್ದು ದಖನಿ ಉಣ್ಣೆ ಒರಟು ಎಂಬುದನ್ನು. ಅದನ್ನು ನಯ ಮಾಡಲು ಮೆರಿನೊ, ರಾಂಬುಯೆ ಟಗರುಗಳನ್ನು ತಂದು ಕೂಡಿಸಿದರು. ಆಮೇಲೆ ಗಮನ ಪೂರ್ತಿ ಮಾಂಸದ ಕಡೆ ತಿರುಗಿತು. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಬಂಗಾಳದ ಗಾರೋಲ್ ಕುರಿಯ ಅವಳಿ ಹೆರುವ ಗುಣವನ್ನು ದಖನಿಗೆ ಸೇರಿಸಿ ನಾರಿ ಸುವರ್ಣ ತಳಿ ರೂಪಿಸಿತು. ಕುರಿಗಾರರೂ ತಮ್ಮಷ್ಟಕ್ಕೆ ಆಂಧ್ರದ ನೆಲ್ಲೂರು ಟಗರುಗಳನ್ನು ತಂದರು: ಎತ್ತರದ ಮೈಕಟ್ಟು, ಬೇಗ ತೂಕ ಬರುವ ಮರಿ, ಮೈಮೇಲೆ ಬರಿ ಗಿಡ್ಡ ಕೂದಲು. 2017ರ ಜೂನ್ 20ರಂದು ಸಿದ್ದಿಪೇಟೆ ಜಿಲ್ಲೆಯ ಕೊಂಡಪಾಕದಲ್ಲಿ ತೆಲಂಗಾಣ ಸರ್ಕಾರ ಆರಂಭಿಸಿದ ಕುರಿ ವಿತರಣೆ ಯೋಜನೆಯಲ್ಲಿ 20 ಕುರಿ, ಒಂದು ಟಗರಿನ ಘಟಕಕ್ಕೆ ಆಗ 1.25 ಲಕ್ಷ ರೂಪಾಯಿ, ಅದರಲ್ಲಿ ಶೇ. 75 ಸಬ್ಸಿಡಿಯಾಗಿತ್ತು. ಕುರಿಗಳನ್ನು ಹೊರರಾಜ್ಯಗಳಿಂದ ಕೊಂಡು ತಂದರು, ತುಪ್ಪಟವಿಲ್ಲದ ನೆಲ್ಲೂರು ಜಾತಿಯವೇ ಅವುಗಳಲ್ಲಿ ಬಹಳ. 1.9 ಕೋಟಿ ಕುರಿಗಳ ನಾಡಿನಲ್ಲಿ ಉಣ್ಣೆ ಸಿಗದಿರುವುದಕ್ಕೆ ಕಾರಣ ಇದು.

ಎದುರು ವಾದವನ್ನೂ ಕೇಳಬೇಕು. ಹೈದರಾಬಾದ್ ಮಟನ್ ತಿನ್ನುವ ಊರು. ಮರಿ ಮಾರಿದರೆ ಮಗಳ ಮದುವೆಯೋ ಮಗನ ಕಾಲೇಜೋ ಆಗುತ್ತದೆ. ಉಣ್ಣೆ ಮಾರಿದರೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ. ಎಷ್ಟೋ ಕಡೆ ಕತ್ತರಿಸಿದ ತುಪ್ಪಟವನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಇಂಥ ಕುರಿಗಾರನಿಗೆ ಕರಿ ಕುರಿಯನ್ನೇ ಸಾಕು ಎಂದು ಹೇಳಲು ಕಂಬಳಿ ಪ್ರೇಮಿಗಳಿಗೆ ಯಾವ ಹಕ್ಕಿದೆ? ಅಂತ್ರದವರ ಉತ್ತರ, ದಖನಿ ಕುರಿ ಬರಕ್ಕೆ ಬಗ್ಗದ್ದು, ದೂರ ನಡೆಯಬಲ್ಲದ್ದು, ರೋಗಕ್ಕೆ ಔಷಧಿಗೆ ಹೆಚ್ಚು ಕೇಳದ್ದು; ಲೆಕ್ಕವನ್ನು ಮಾಂಸದ ತೂಕಕ್ಕೆ ನಿಲ್ಲಿಸದೆ ಖರ್ಚನ್ನೂ ಸೇರಿಸಿ ನೋಡಬೇಕು ಎಂಬುದು. ಮಾತು ಸರಿ. ಆದರೆ ಕೊಳವೆಬಾವಿ ಬಂದು ಹೊಲಗಳು ವರ್ಷವಿಡೀ ಬೆಳೆಯಲ್ಲಿರುವಾಗ, ಯೂರಿಯಾ ಬಂದು ಕುರಿ ತರುಬಿಸುವ ರೈತ ಕಡಿಮೆಯಾಗಿರುವಾಗ, ದೂರ ನಡೆಯುವ ಕುರಿಗೆ ನಡೆಯಲು ದಾರಿಯಾದರೂ ಎಲ್ಲಿದೆ?

ಹೊಸ ಗಿರಾಕಿಗಳು

ಇತ್ತೀಚೆಗೆ ಒರಟುತನವೇ ಬೆಲೆಯಾಗುತ್ತಿದೆ. ದಖನಿ ಉಣ್ಣೆಯಿಂದ ನೆಲಹಾಸು, ಚೀಲ, ಕುರ್ಚಿಯ ಹೊದಿಕೆ ಮಾಡುವ ಸಣ್ಣ ಸಂಸ್ಥೆಗಳು ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದಲ್ಲಿ ಎದ್ದಿವೆ. ಹೈದರಾಬಾದಿನ ಅರ್ದನ್ ಟ್ಯೂನ್ಸ್ ಎಂಬ ಕಂಪನಿ ಈ ಉಣ್ಣೆಯಿಂದ ಮಾಡುತ್ತಿರುವುದು ಹೊಲದಲ್ಲಿ ದುಡಿಯುವ ರೈತರ ಕಾಲಿಗೆ ಪಾದರಕ್ಷೆ. ಇಂಥ ಪ್ರಯತ್ನಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ಇದು. ದುಡಿಯುವವರ ಬಟ್ಟೆ ದುಡಿಯುವವರಿಗೇ ಮರಳುವ ದಾರಿ ಅಲ್ಲಿದೆ. ಉಳಿದವು ನಗರದ ಮನೆಯ ಅಂದಕ್ಕೆ ಹೋಗುತ್ತವೆ. ಅದರಲ್ಲಿ ತಪ್ಪಿಲ್ಲ, ಆದರೆ ಅಂದದ ಬೇಡಿಕೆ ಹೇಗೆ ಬಂತೋ ಹಾಗೆ ಹೋಗುವ ಭಯ ಇದ್ದೇ ಇದೆ.

ತೀರದ ಪ್ರಶ್ನೆಗಳು

ಮೊದಲನೆಯದು ನೂಲುವವರದು. ಒಂದು ಕಂಬಳಿಯ ದುಡಿಮೆಯಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಹಿಂಜಿ ನೂಲುವ ಕೆಲಸಕ್ಕೆ. ಅದನ್ನು ಮಾಡುವವರು ವಯಸ್ಸಾದ ಹೆಂಗಸರು. ಆ ಕೆಲಸಕ್ಕೆ ಕೂಲಿ ಕಟ್ಟುವ ರೂಢಿಯೇ ಮನೆಗಳಲ್ಲಿ ಇರಲಿಲ್ಲ. ನ್ಯಾಯವಾದ ಕೂಲಿ ಕಟ್ಟಿದರೆ ಕಂಬಳಿಯ ಬೆಲೆ ಕುರಿಗಾರ ಕೊಳ್ಳಲಾರದಷ್ಟು ಏರುತ್ತದೆ. ಯಂತ್ರದಲ್ಲಿ ನೂತರೆ ಬೆಲೆ ಇಳಿಯುತ್ತದೆ, ಆ ಹೆಂಗಸರ ಕೆಲಸ ಹೋಗುತ್ತದೆ. ಗೊಂಗಡಿಯ ಮಾನದ ಬಗ್ಗೆ ಇಷ್ಟು ಗಟ್ಟಿಯಾಗಿ ಮಾತಾಡಿದವರು ಕೂಡ ಈ ಗಂಟನ್ನು ಬಿಡಿಸಿಲ್ಲ.

ಎರಡನೆಯದು ಒಡೆತನದ್ದು. ಭೌಗೋಳಿಕ ಸೂಚಕದಂಥ ಕಾನೂನು ರಕ್ಷಣೆ ಕೊಡುವುದಾದರೆ ಅದು ಜಿಲ್ಲೆಗೋ, ಸಮುದಾಯಕ್ಕೋ, ಕುರಿ ತಳಿಗೋ? ಬೀದರ, ಜಹೀರಾಬಾದ್, ಲಾತೂರುಗಳ ಕಂಬಳಿಯಲ್ಲಿ ಗಡಿಯ ಗೆರೆ ಎಲ್ಲಿ ಎಳೆಯುವುದು? ದಖನಿ ಉಣ್ಣೆಯ ಇಂತಿಷ್ಟು ಪಾಲು ಇರಲೇಬೇಕು ಎಂಬ ಷರತ್ತಿಲ್ಲದ ಯಾವ ಮುದ್ರೆಯಿಂದಲೂ ಹೆಚ್ಚು ಪ್ರಯೋಜನವಾಗದು ಎಂಬುದಷ್ಟೇ ನನಗೆ ಖಚಿತ.

ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಕರಿ ಮಂದೆಯನ್ನು ಉಳಿಸಿಕೊಳ್ಳುವ ಕುರಿಗಾರ ಮಾಂಸದಲ್ಲಿ ಕಳೆದುಕೊಳ್ಳುವ ಆದಾಯವನ್ನು ಯಾರು ತುಂಬಿಕೊಡಬೇಕು: ತಳಿ ಬದಲಿಸಲು ಸಬ್ಸಿಡಿ ಕೊಟ್ಟ ಸರ್ಕಾರವೇ, ಕಂಬಳಿ ಹೊದ್ದು ಮತ ಕೇಳುವ ಪಕ್ಷಗಳೇ, ಸಾವಿರಾರು ರೂಪಾಯಿಗೆ ನೆಲಹಾಸು ಕೊಳ್ಳುವ ನಗರದವರೇ? ಉಣ್ಣೆಗೆ ಕನಿಷ್ಠ ಬೆಲೆ, ದಖನಿ ಟಗರು ಇಟ್ಟುಕೊಂಡವರಿಗೆ ಪ್ರೋತ್ಸಾಹಧನ, ಮೇಯುವ ದಾರಿಗಳಿಗೆ ಕಾನೂನಿನ ಕಾಪು ಎಂಬ ಸಲಹೆಗಳು ಕುರಿಗಾರರ ಸಭೆಗಳಿಂದಲೇ ಬಂದಿವೆ. ಇವುಗಳಲ್ಲಿ ಯಾವುದು ಫಲ ಕೊಡುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಲು ಬೇಕಾದ ಅಪ್ಪಟ ಕರಿ ಮಂದೆಗಳು ತೆಲಂಗಾಣದಲ್ಲೂ ಬೀದರ ಸೀಮೆಯಲ್ಲೂ ಇನ್ನೂ ಇವೆ, ಅಲ್ಲಲ್ಲಿ.